ಭಾನುವಾರ ಬಾಗಿಲು ತೆರೆಯುವ ಕಚೇರಿ

ಕೇಳುಗರಿಗೆ ನಮಸ್ಕಾರ. ಕಾನ್ಸುಲೇಟ್ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ವೀಸಾ ನೆನಪಾಗುತ್ತದೆ, ಅಲ್ವಾ? ಬೆಳಿಗ್ಗೆ ಐದಕ್ಕೇ ಎದ್ದು, ಫೈಲು ಕಂಕುಳಲ್ಲಿಟ್ಟುಕೊಂಡು ಸಾಲಲ್ಲಿ ನಿಲ್ಲೋದು. ಅದು ಪರದೇಶದವರು ನಮ್ಮಲ್ಲಿ ಇಟ್ಟ ಕಚೇರಿ. ನಾನು ಹೇಳಲು ಬಂದಿರುವುದು ಅದರ ಉಲ್ಟಾ. ಪರದೇಶದಲ್ಲಿ ದುಡಿಯುವವರಿಗೆ ಅವರದೇ ದೇಶ ಇಟ್ಟ ಕಚೇರಿ. ಹಾಂಗ್‌ಕಾಂಗಿನಲ್ಲಿರುವ ಫಿಲಿಪ್ಪೀನ್ಸ್ ಕಾನ್ಸುಲೇಟ್.

ಅದೇ ಯಾಕೆ? ಅದು ಭಾನುವಾರ ತೆರೆದಿರುತ್ತದೆ. ಶುಕ್ರವಾರ, ಶನಿವಾರ ರಜೆ, ಭಾನುವಾರ ಕೆಲಸ. ನನ್ನ ಮಾತು ಇಷ್ಟೇ. ಉಳಿದ ಹೊತ್ತು ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಬೇಜಾರಾಗಬೇಡಿ.

ಹಾಂಗ್‌ಕಾಂಗಿನಲ್ಲಿ ಮನೆಗೆಲಸ ಮಾಡುವ ಫಿಲಿಪ್ಪೀನ್ಸ್‌ನವರು ಸುಮಾರು 2 ಲಕ್ಷ. ಬಹುತೇಕ ಹೆಂಗಸರು. ಕೆಲಸ ಕೊಟ್ಟವರ ಮನೆಯಲ್ಲೇ ಇರಬೇಕು, ಅದು ಅಲ್ಲಿನ ನಿಯಮ. ವಾರಕ್ಕೊಂದು ರಜೆ, ಜಾಸ್ತಿ ಜನಕ್ಕೆ ಅದು ಭಾನುವಾರ. ಅವತ್ತು ಸೆಂಟ್ರಲ್ ಎನ್ನುವ ಪೇಟೆಯ ಚೇಟರ್ ರಸ್ತೆಗೆ ವಾಹನ ಬಿಡುವುದಿಲ್ಲ. ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ, ಚಪ್ಪಲಿ ಪಕ್ಕಕ್ಕೆ ಬಿಟ್ಟು ಕೂತು ಊಟ ಮಾಡುತ್ತಾರೆ, ಒಬ್ಬರಿಗೊಬ್ಬರು ಉಗುರಿಗೆ ಬಣ್ಣ ಹಚ್ಚುತ್ತಾರೆ, ಫೋನಿನಲ್ಲಿ ಊರಿನ ಮಕ್ಕಳನ್ನು ಗದರುತ್ತಾರೆ. ಅಲ್ಲಿಂದ ಒಂದೇ ಸ್ಟೇಷನ್ ಆಚೆ, ಆಡ್ಮಿರಾಲ್ಟಿಯಲ್ಲಿ, ಯುನೈಟೆಡ್ ಸೆಂಟರ್ ಕಟ್ಟಡದ ಮೇಲಿದೆ ಕಾನ್ಸುಲೇಟ್.

ನಾನು ಅಲ್ಲಿದ್ದಾಗ ಎದುರು ಮನೆಯಲ್ಲಿ ಒಬ್ಬಾಕೆ ಕೆಲಸಕ್ಕಿದ್ದರು. ಲಿಫ್ಟಿನಲ್ಲಿ ಸಿಕ್ಕಾಗೆಲ್ಲ ನಗುತ್ತಿದ್ದವರು ಒಂದು ದಿನ ನಗಲಿಲ್ಲ. ಕೇಳಿದೆ. ಊರಲ್ಲಿ ತಮ್ಮನಿಗೆ ಬೈಕ್ ಅಪಘಾತವಾಗಿ ಆಸ್ಪತ್ರೆ ಖರ್ಚಿಗೆ ಸಾಲ ಮಾಡಿದ್ದಾರೆ, ಸಾಲ ಕೊಟ್ಟವನು ಪಾಸ್‌ಪೋರ್ಟನ್ನೇ ಅಡವಿಟ್ಟುಕೊಂಡಿದ್ದಾನೆ. ಕಾಂಟ್ರಾಕ್ಟ್ ಮುಗಿಯೋಕೆ ಮೂರು ವಾರ. ಹೊಸ ಕಾಂಟ್ರಾಕ್ಟಿಗೆ ವೀಸಾ ಬೇಕು, ವೀಸಾಕ್ಕೆ ಪಾಸ್‌ಪೋರ್ಟ್ ಬೇಕು. ಕೆಲಸ ಹೋದರೆ ಎರಡು ವಾರದಲ್ಲಿ ಹಾಂಗ್‌ಕಾಂಗ್ ಬಿಡಬೇಕು. ಇದು 1987ರಿಂದ ಇರುವ ನಿಯಮ.

ಭಾನುವಾರ ಜೊತೆಗೆ ಹೋದೆ. ಆಕೆಯ ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಒಳಗೆ ಕಾಂಟ್ರಾಕ್ಟು, ಗುರುತಿನ ಚೀಟಿಯ ಜೆರಾಕ್ಸು, ಜೊತೆಗೆ ಒಂದು ಜಪಸರ. ಚೀಟಿ ತಗೊಂಡು ಎರಡು ಗಂಟೆ ನಿಂತೆವು. ಸಾಲಿನಲ್ಲಿ ಎಲ್ಲರೂ ಎಲ್ಲರಿಗೂ 'ಕಬಾಯನ್', ಅಂದರೆ ನಮ್ಮ ದೇಶದವರೇ ಅಂತ. ಕೌಂಟರಿನ ಅಧಿಕಾರಿಣಿ ಮೊದಲು ಮಾಡಿದ ಕೆಲಸ ಚೆನ್ನಾಗಿ ಬೈದದ್ದು. ಅವರ ಟಗಾಲೋಗ್ ಭಾಷೆ ನನಗೆ ಬರುವುದಿಲ್ಲ, ಆದರೂ ಬೈಗುಳ ಅಂತ ಗೊತ್ತಾಯಿತು, ನಮ್ಮಮ್ಮನ ಧಾಟಿಯೇ. ಬೈದದ್ದೇನು ಅಂತ ಆಮೇಲೆ ನನ್ನ ಜೊತೆಗಿದ್ದಾಕೆಯೇ ತಿಳಿಸಿ ಹೇಳಿದರು: "ಪಾಸ್‌ಪೋರ್ಟ್ ನಿನ್ನದು ಅಂತ ಯಾರು ಹೇಳಿದ್ದು? ಅದು ಸರ್ಕಾರದ್ದು. ನಿನ್ನದಲ್ಲದ್ದನ್ನ ಅಡವಿಡೋಕೆ ನೀನ್ಯಾರು, ಇಟ್ಟುಕೊಳ್ಳೋಕೆ ಅವನ್ಯಾರು?" ಅಂತ. ಅಧಿಕಾರಿಣಿ ಹೇಳಿಕೆ ಬರೆಸಿಕೊಂಡರು. ಪಕ್ಕದ ಗುಮಾಸ್ತ ಅಲ್ಲಿಂದಲೇ ಸಾಲದಂಗಡಿಗೆ ಕ್ಯಾಂಟನೀಸ್‌ನಲ್ಲಿ ಫೋನ್ ಮಾಡಿದ. ಮುಂದಿನ ಭಾನುವಾರ ಪಾಸ್‌ಪೋರ್ಟ್ ಕೈಗೆ ಬಂತು. ಸಾಲ ಹಾಗೇ ಇತ್ತು, ತಿಂಗಳಿಗಿಷ್ಟು ಅಂತ ಕಟ್ಟುತ್ತಾ ಹೋದರು.

ಈಗ ಹೇಳಿ, ಆ ಕಚೇರಿ ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಇದ್ದಿದ್ದರೆ? ಆಕೆ ರಜೆ ಕೇಳಬೇಕಿತ್ತು. ಯಾಕೆ ರಜೆ ಅಂತ ಯಜಮಾನಿ ಕೇಳುತ್ತಿದ್ದರು. ಮುಗೀತು ಕಥೆ.

ಈ ಬುದ್ಧಿ ಸುಮ್ನೆ ಬಂದದ್ದಲ್ಲ. ಜನರನ್ನು ಹೊರದೇಶಕ್ಕೆ ದುಡಿಯಲು ಕಳಿಸುವುದನ್ನು ಫಿಲಿಪ್ಪೀನ್ಸ್ ಸರ್ಕಾರವೇ ಕೈಗೆತ್ತಿಕೊಂಡಿದ್ದು 1974ರಲ್ಲಿ, ಫರ್ಡಿನಾಂಡ್ ಮಾರ್ಕೋಸ್ ಅಧ್ಯಕ್ಷರಾಗಿದ್ದ ಕಾಲದಲ್ಲಿ. 1982ರಲ್ಲಿ ಒಂದು ಆದೇಶ ಬಂತು: ಮನೆಗೆಲಸದವರು ಸಂಬಳದ ಅರ್ಧವನ್ನು ಬ್ಯಾಂಕಿನ ಮೂಲಕ ಊರಿಗೆ ಕಳಿಸಲೇಬೇಕು, ಇಲ್ಲದಿದ್ದರೆ ಪಾಸ್‌ಪೋರ್ಟ್ ನವೀಕರಣ ಇಲ್ಲ. ನೋಡಿ, ಅದೇ ಕೌಂಟರು ಆಗ ವಸೂಲಿಯ ಕೌಂಟರು! ಹಾಂಗ್‌ಕಾಂಗಿನ ಹೆಂಗಸರು ತಿರುಗಿಬಿದ್ದರು, ಆದೇಶ ವಾಪಸಾಯಿತು. 1995ರ ಮಾರ್ಚಿನಲ್ಲಿ ಸಿಂಗಾಪುರದಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎನ್ನುವ ಮನೆಗೆಲಸದಾಕೆಗೆ ಕೊಲೆ ಆರೋಪದ ಮೇಲೆ ಗಲ್ಲಾಯಿತು. ನಮ್ಮ ರಾಯಭಾರಿಗಳು ಏನು ಮಾಡುತ್ತಿದ್ದರು ಅಂತ ಇಡೀ ಫಿಲಿಪ್ಪೀನ್ಸ್ ಕೇಳಿತು. ವಿದೇಶಾಂಗ ಕಾರ್ಯದರ್ಶಿ ರಾಜೀನಾಮೆ ಕೊಡಬೇಕಾಯಿತು. ಅದೇ ಜೂನ್‌ನಲ್ಲಿ ವಲಸೆ ಕಾರ್ಮಿಕರ ಕಾನೂನು ಬಂತು. ತಮ್ಮ ಕಾರ್ಮಿಕರು ಹೆಚ್ಚಾಗಿರುವ ದೇಶದಲ್ಲಿ ರಾಯಭಾರ ಕಚೇರಿಯೊಳಗೇ ಒಂದು ನೆರವಿನ ಕೇಂದ್ರ ಇರಬೇಕು, ಅದು ಭಾನುವಾರವೂ ಸೇರಿ ದಿನದ 24 ಗಂಟೆ ತೆರೆದಿರಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಮತದಾನದ ಬಗ್ಗೆ ಹೇಳಬೇಕಿತ್ತು. 2004ರಿಂದ ಅವರು ಪರದೇಶದಲ್ಲಿದ್ದೇ ಮತ ಹಾಕುತ್ತಿದ್ದಾರೆ, ಅಷ್ಟು ಸಾಕು.

ಮಂಗಳೂರು, ಭಟ್ಕಳದ ಕಡೆ ಕೇಳುತ್ತಿರುವ ಅಮ್ಮಂದಿರೇ, ಗಲ್ಫಿಗೆ ಹೊರಟ ಮಗನಿಗೆ ಉಪ್ಪಿನಕಾಯಿ ಕಟ್ಟುವಾಗ ಇದನ್ನೂ ಹೇಳಿ ಕಳಿಸಿ. 1967ರ ಕಾಯ್ದೆ ಪ್ರಕಾರ ನಮ್ಮ ಪಾಸ್‌ಪೋರ್ಟೂ ಭಾರತ ಸರ್ಕಾರದ್ದೇ, ಕೆಲಸ ಕೊಟ್ಟ ಮಾಲೀಕನದ್ದಲ್ಲ. ಅಲ್ಲಿನ ನಮ್ಮ ಕಚೇರಿ ಯಾವ ದಿನ, ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಕೇಳಿ, ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ. ನಮಸ್ಕಾರ.