ಡ್ರಮ್ಮಿನ ಮೇಲಿನ ಐದು ಚಿತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಪೀಣ್ಯದಲ್ಲಿ ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹದ ಮೇಲೆ ಕ್ರೋಮ್ ಲೇಪನ, ಮಾಡುವ ಶೆಡ್ಡಿಗೆ ಹೋದರೆ ಒಂದು ಮೂಲೆಯಲ್ಲಿ ಕ್ರೋಮಿಕ್ ಆಸಿಡ್ ಡ್ರಮ್ ಇರುತ್ತದೆ. ಹೆಸರು ಆಸಿಡ್ ಅಂತಿದ್ದರೂ ಒಳಗಿರುವುದು ಕಡುಗೆಂಪು ಚಕ್ಕೆಗಳು. ಡ್ರಮ್ಮಿನ ಲೇಬಲ್ ಮೇಲೆ ಕೆಂಪು ಅಂಚಿನ ವಜ್ರಾಕಾರದ ಚಿತ್ರಗಳಿರಬೇಕು. ರಾಸಾಯನಿಕದ ಅಪಾಯ ತಿಳಿಸುವ ಗುರುತು ಎಲ್ಲ ದೇಶಗಳಲ್ಲೂ ಒಂದೇ ಇರಲಿ ಅಂತ ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಅದರಲ್ಲಿರುವ ಒಟ್ಟು ಚಿತ್ರಗಳು 9. ಅವುಗಳಲ್ಲಿ 5 ಈ ಒಂದೇ ಡ್ರಮ್ಮಿಗೆ ಬೇಕು!

ಎಷ್ಟೋ ಕಡೆ ಆ ಚಿತ್ರಗಳು ಕಾಣುವುದೇ ಇಲ್ಲ. ಹೋದ ಆಯುಧಪೂಜೆಯ ವಿಭೂತಿ, ಕುಂಕುಮ ಸರಿಯಾಗಿ ಅವುಗಳ ಮೇಲೇ ಇರುತ್ತದೆ. ಪೂಜೆ ಧಾರಾಳವಾಗಿ ಮಾಡಿ, ಲೇಬಲ್ ಬಿಟ್ಟು ಪಕ್ಕಕ್ಕೆ ಹಚ್ಚಿ ಅಷ್ಟೆ.

ಐದರಲ್ಲಿ ಮೂರು ಯಾರಿಗೂ ಅರ್ಥವಾಗುತ್ತವೆ. ತಲೆಬುರುಡೆ ಅಂದರೆ ವಿಷ. ಕೈಯ ಮೇಲೆ ದ್ರವ ಬಿದ್ದ ಚಿತ್ರ ಇದ್ದರೆ ಸುಡುತ್ತದೆ. ಸತ್ತ ಮೀನು, ಒಣ ಮರ ಇದ್ದರೆ ಕೆರೆಗೆ, ಚರಂಡಿಗೆ ಬಿಡಬಾರದು. ತೊಂದರೆ ಇರುವುದು ಉಳಿದ ಎರಡರಲ್ಲಿ.

ಒಂದರಲ್ಲಿ ಒಂದು ವೃತ್ತ, ಅದರ ಮೇಲೆ ಬೆಂಕಿ. ನೋಡಿದವರು ಇದಕ್ಕೆ ಬೆಂಕಿ ಹತ್ತುತ್ತದೆ ಅಂದುಕೊಳ್ಳುತ್ತಾರೆ. ಕ್ರೋಮಿಕ್ ಆಸಿಡ್ ತಾನು ಉರಿಯುವುದಿಲ್ಲ, ಪಕ್ಕದಲ್ಲಿರುವುದನ್ನು ಉರಿಸುತ್ತದೆ. ಥಿನ್ನರ್, ಸ್ಪಿರಿಟ್, ಎಣ್ಣೆ ಒರೆಸಿದ ವೇಸ್ಟ್ ಬಟ್ಟೆ ತಾಗಿದರೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಜಾಗ ಕಮ್ಮಿ ಅಂತ ಪೇಂಟ್ ಡಬ್ಬ, ಥಿನ್ನರ್ ಕ್ಯಾನು, ಈ ಡ್ರಮ್ಮು ಎಲ್ಲವನ್ನೂ ಒಂದೇ ರ‍್ಯಾಕಿಗೆ ಸೇರಿಸುವವರು ಈ ಚಿತ್ರವನ್ನು ಒಂದು ನಿಮಿಷ ನಿಂತು ನೋಡಬೇಕು.

ಇನ್ನೊಂದರಲ್ಲಿ ಒಬ್ಬ ಮನುಷ್ಯ, ಅವನ ಎದೆಯಲ್ಲಿ ನಕ್ಷತ್ರ ಸಿಡಿದ ಹಾಗೆ. ಇದು ಇವತ್ತೇ ಕಾಣುವ ಕಾಯಿಲೆಯದ್ದಲ್ಲ, ವರ್ಷಗಳ ಮೇಲೆ ಬರುವುದರದ್ದು. ಕ್ರೋಮಿಕ್ ಆಸಿಡ್ ಕರಗಿಸಿದ ಕ್ರೋಮ್ ಟ್ಯಾಂಕಿಗೆ ಲೇಪನಕ್ಕಾಗಿ ಕರೆಂಟ್ ಕೊಟ್ಟಾಗ ಗುಳ್ಳೆಗಳು ಎದ್ದು ಒಡೆದು ಹಳದಿ ಮಂಜು ಬರುತ್ತದಲ್ಲ, ಅದನ್ನು ದಿನಾ ಉಸಿರಾಡಿದವರಿಗೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯೇ ತೂತಾಗಬಹುದು. ಎಷ್ಟೋ ಸಲ ನೋವೂ ಇರುವುದಿಲ್ಲ. ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಮುಖಕ್ಕೆ ಕಟ್ಟಿದ ಕರ್ಚೀಫ್ ಇದನ್ನು ತಡೆಯುವುದಿಲ್ಲ. ಟ್ಯಾಂಕಿನ ಅಂಚಿನಲ್ಲೇ ಗಾಳಿ ಎಳೆಯುವ ಎಕ್ಸಾಸ್ಟ್ ಬೇಕು.

ಲೇಬಲ್ಲಿನಲ್ಲಿ ಹಿಡಿಯದ ವಿಷಯಕ್ಕೆ ಡೇಟಾ ಶೀಟ್ ಇದೆ. ನಮ್ಮಲ್ಲಿ ಎಲ್ಲರೂ ಎಂಎಸ್‌ಡಿಎಸ್ (ಮೆಟೀರಿಯಲ್ ಸೇಫ್ಟಿ ಡೇಟಾ ಶೀಟ್) ಅಂತಲೇ ಕರೆಯುತ್ತಾರೆ. ಅದರಲ್ಲಿ 16 ಭಾಗಗಳು. ಓನರ್ ಆದವರು ಅಷ್ಟನ್ನೂ ಓದಲಿ ಅಂತ ನಾನು ಹೇಳುವುದಿಲ್ಲ, ಯಾರೂ ಓದುವುದಿಲ್ಲ. 10ನೇ ಭಾಗವನ್ನಾದರೂ ಓದಿ. ಯಾವುದರ ಜೊತೆ ಯಾವುದು ಸೇರಬಾರದು ಅನ್ನುವುದು ಅಲ್ಲಿರುತ್ತದೆ. ಸತು, ತಾಮ್ರ, ಬೆಳ್ಳಿ ಲೇಪಿಸುವ ಕೆಲವು ಕಡೆ ಸೈನೈಡ್ ಉಪ್ಪು ಬಳಸುತ್ತಾರೆ. ಅದೇ ಶೆಡ್ಡಿನಲ್ಲಿ ತುಕ್ಕು ತೆಗೆಯುವ ಆಸಿಡ್ಡೂ ಇರುತ್ತದೆ. ಎರಡೂ ಸೇರಿದರೆ ಹೈಡ್ರೋಜನ್ ಸೈನೈಡ್ ಅನ್ನುವ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಯಾರೂ ಬೇಕಂತ ಸೇರಿಸುವುದಿಲ್ಲ. ಎರಡೂ ಟ್ಯಾಂಕಿನ ತೊಳೆದ ನೀರು ಒಂದೇ ಚರಂಡಿಗೆ ಹರಿದರೂ ಸಾಕು. ಆ ಅನಿಲದ ಕಹಿ ಬಾದಾಮಿ ವಾಸನೆ ಬಂದರೆ ಗೊತ್ತಾಗುತ್ತದೆ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಆ ವಾಸನೆ ಹಿಡಿಯುವ ಶಕ್ತಿ ಕೆಲವರ ಮೂಗಿಗೆ ಹುಟ್ಟಿನಿಂದಲೇ ಇರುವುದಿಲ್ಲ.

ಇಷ್ಟೆಲ್ಲ ವರ್ಗೀಕರಣ, ಚಿತ್ರ, ಶೀಟು ಒಂದೇ ಕ್ಷಣದಲ್ಲಿ ಹಾಳಾಗುತ್ತದೆ. ಡ್ರಮ್ಮಿನಿಂದ ಹಳೇ ನೀರಿನ ಬಾಟಲಿಗೆ, ಎಣ್ಣೆ ಕ್ಯಾನಿಗೆ ಸುರಿದುಕೊಂಡಾಗ. ನನ್ನ ಪ್ರಕಾರ ಸಣ್ಣ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದದ್ದು ಇದಕ್ಕೇ. ಹೊಸದಾಗಿ ಸೇರಿದ ಹೆಲ್ಪರ್ ಹುಡುಗನಿಗೆ ಬಾಟಲಿಯಲ್ಲಿರುವುದು ನೀರೋ, ಥಿನ್ನರೋ, ಆಸಿಡ್ಡೋ ಹೇಗೆ ಗೊತ್ತಾಗಬೇಕು? ಸುರಿದ ಕ್ಯಾನಿನ ಮೇಲೂ ಹೆಸರು, ಅಪಾಯದ ಗುರುತು ಇರಲೇಬೇಕು. ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದರೂ ಆದೀತು. ಅವನು ಹಿಂದಿ ಓದುವವನಾದರೆ ಹಿಂದಿಯಲ್ಲೂ ಬರೆಯಿರಿ.

ಏನಿದೆ ಅಂತ ಹೇಳದೇ ಇದ್ದರೆ ಏನಾಗುತ್ತದೆ ಅನ್ನುವುದನ್ನು ಭೋಪಾಲ್ ತೋರಿಸಿತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಲ್ಲಿ ಮೀಥೈಲ್ ಐಸೊಸಯನೇಟ್ ಅನ್ನುವ ವಿಷಕಾರಿ ರಾಸಾಯನಿಕ ಸುಮಾರು 40 ಟನ್ ಇತ್ತು. ಅದರೊಳಗೆ ನೀರು ಸೇರಿತು, ಅನಿಲ ಊರಿನ ಮೇಲೆ ಹರಡಿತು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದಿದ್ದರೆ ಎಷ್ಟೋ ಜನರಿಗೆ ಅನುಕೂಲವಾಗುತ್ತಿತ್ತು. ಅದನ್ನು ಸುತ್ತಲಿನವರಿಗೆ ಹೇಳಿದವರೇ ಇರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳಿಗೇ ಯಾವ ವಿಷಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ ಅನ್ನುವುದು ಗೊತ್ತಿರಲಿಲ್ಲ.

ಅದಾದ ಮೇಲೆ ಕಾನೂನುಗಳು ಬಂದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ. ಅಪಾಯದ ಮಾಹಿತಿಯನ್ನು ಕೆಲಸಗಾರರಿಗೂ ಅಕ್ಕಪಕ್ಕದ ಜನರಿಗೂ ತಿಳಿಸುವುದು ಮಾಲೀಕರ ಹೊಣೆ ಅಂತ ಆ ತಿದ್ದುಪಡಿ ಹೇಳಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಬಂದವು. ಡೇಟಾ ಶೀಟ್, ಲೇಬಲ್ ಎರಡನ್ನೂ ಇವು ಕೇಳುತ್ತವೆ. ಯಾವ ರಾಸಾಯನಿಕ ಎಷ್ಟು ದಾಟಿದರೆ ಹೆಚ್ಚಿನ ಜವಾಬ್ದಾರಿ ಬರುತ್ತದೆ ಅನ್ನುವ ಪಟ್ಟಿಯೂ ಇದೆ. ಅದರಲ್ಲಿ ಮೀಥೈಲ್ ಐಸೊಸಯನೇಟ್‌ಗೆ ಇಟ್ಟ ಮಿತಿ ಬರೀ 150 ಕಿಲೋ. ಪ್ಲೇಟಿಂಗ್ ಶೆಡ್ಡಿನವರು ಸಾಮಾನ್ಯವಾಗಿ ಈ ಪಟ್ಟಿಯ ಮಿತಿಗಳ ಹತ್ತಿರಕ್ಕೂ ಬರುವುದಿಲ್ಲ, ನಿಜ. ಅದಕ್ಕೇ 'ಇದೆಲ್ಲ ನಮಗಲ್ಲ ಬಿಡಿ ಸಾರ್' ಅನ್ನುತ್ತಾರೆ. ಆದರೆ ಡ್ರಮ್ ಒಂದೇ ಇದ್ದರೂ ಅದರ ಮುಂದೆ ಉಸಿರಾಡುವವನ ಮೂಗು ಅದೇ ಅಲ್ವಾ?

ಮುಂದಿನ ಸಲ ಮಾಲು ಬಂದಾಗ ಬಿಲ್ಲಿನ ಜೊತೆ ಡೇಟಾ ಶೀಟನ್ನೂ ಸಪ್ಲೈಯರ್ ಹತ್ತಿರ ಕೇಳಿ. ಕೊಡದಿದ್ದರೆ ಮಾಲು ಇಳಿಸಿಕೊಳ್ಳಬೇಡಿ. ಬಂದ ಶೀಟನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಟ್ಯಾಂಕಿನ ಹತ್ತಿರದ ಗೋಡೆಗೆ ನೇತುಹಾಕಿ. ಕಣ್ಣಿಗೋ ಮೈಗೋ ಆಸಿಡ್ ಸಿಡಿದರೆ ಮೊದಲು ನಲ್ಲಿ ನೀರಿನಲ್ಲಿ ಕಡೇ ಪಕ್ಷ 15 ನಿಮಿಷ ತೊಳೆಯಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಆಸ್ಪತ್ರೆಗೆ ಹೊರಡುವಾಗ ಗೋಡೆಯ ಮೇಲಿನ ಆ ಶೀಟನ್ನೂ ಕಿತ್ತುಕೊಂಡು ಹೋಗಿ, ಡಾಕ್ಟರ ಕೈಗೆ ಕೊಡಿ.

ನಮಸ್ಕಾರ.