ತಿಮೋರ್ ಸಮುದ್ರದ ಗೆರೆ ಮತ್ತು ತಡವಾದ ನ್ಯಾಯ

ಎಲ್ಲರಿಗೂ ನಮಸ್ಕಾರ.

ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲಿ ಡಾರ್ವಿನ್ ಅನ್ನುವ ಊರಿದೆ. ಅಲ್ಲಿಂದ ವಾಯವ್ಯಕ್ಕೆ ಸಮುದ್ರ ದಾಟಿದರೆ ತಿಮೋರ್ ದ್ವೀಪ ಸಿಗುತ್ತದೆ. ಅದರ ಪಶ್ಚಿಮ ಭಾಗ ಇಂಡೋನೇಷ್ಯಾಕ್ಕೆ ಸೇರಿದ್ದು. ಪೂರ್ವ ಭಾಗ ತಿಮೋರ್-ಲೆಸ್ತೆ ಎಂಬ ಪುಟ್ಟ ದೇಶ. ಈ ದೇಶಕ್ಕೂ ಆಸ್ಟ್ರೇಲಿಯಾಕ್ಕೂ ನಡುವಿನ ಸಮುದ್ರದ ತಳದಲ್ಲಿ, 1974ರಲ್ಲಿ, ಗ್ರೇಟರ್ ಸನ್‌ರೈಸ್ ಎಂಬ ದೊಡ್ಡ ಅನಿಲ ನಿಕ್ಷೇಪ ಪತ್ತೆಯಾಯಿತು. ಅದು ತಿಮೋರ್ ದಡದಿಂದ ಸುಮಾರು 150 ಕಿಲೋಮೀಟರ್, ಡಾರ್ವಿನ್‌ನಿಂದ ಸುಮಾರು 450 ಕಿಲೋಮೀಟರ್ ದೂರದಲ್ಲಿದೆ. ಹಾಗಿದ್ದೂ 2003ರ ಒಪ್ಪಂದದಲ್ಲಿ ಅದರ 79.9 ಶೇಕಡಾ ಆಸ್ಟ್ರೇಲಿಯಾದ ಕಡೆಗಿದೆ ಎಂದು ಬರೆಯಲಾಯಿತು. ಅದು ಹೇಗೆ ಸಾಧ್ಯವಾಯಿತು ಅನ್ನುವುದೇ ಇವತ್ತಿನ ಮಾತು.

ಮೊದಲು ನಿಯಮ ನೋಡೋಣ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರು ಆ ದೇಶದ ಸ್ವಂತದ್ದು. 200 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 370 ಕಿಲೋಮೀಟರ್, ಮೀನು, ಎಣ್ಣೆ, ಅನಿಲದ ಹಕ್ಕು ಅದರದ್ದು. ಎದುರುಬದುರಿನ ದೇಶಗಳ ನಡುವೆ 400 ಮೈಲಿ ಇಲ್ಲದಿದ್ದರೆ? ಇಬ್ಬರ ಪಾಲೂ ಒಂದರ ಮೇಲೊಂದು ಬೀಳುತ್ತದೆ. ಆಗ ಗೆರೆ ಎಳೆಯಲೇಬೇಕು.

ಈಗಿನ ನ್ಯಾಯಾಲಯಗಳು ಮೊದಲು ಮಧ್ಯರೇಖೆ ಎಳೆಯುತ್ತವೆ. ಆ ಗೆರೆಯ ಮೇಲಿನ ಯಾವುದೇ ಬಿಂದುವಿನಿಂದ ಎರಡೂ ದಡಗಳಿಗೆ ಸಮ ದೂರ ಇರುತ್ತದೆ. ಆಮೇಲೆ ಕರಾವಳಿಯ ಆಕಾರದಿಂದ ಯಾರಿಗಾದರೂ ಅನ್ಯಾಯ ಆಗುತ್ತಿದ್ದರೆ ಗೆರೆಯನ್ನು ಸ್ವಲ್ಪ ಸರಿಸುತ್ತವೆ. ಕೊನೆಗೆ, ಕರಾವಳಿಯ ಉದ್ದಕ್ಕೂ ಸಿಕ್ಕ ಪಾಲಿಗೂ ತೀರಾ ಹೊಂದಾಣಿಕೆ ಇಲ್ಲವೇ ಎಂದು ಒಮ್ಮೆ ನೋಡುತ್ತವೆ. 2009ರಲ್ಲಿ ರೊಮೇನಿಯಾ ಮತ್ತು ಉಕ್ರೇನ್ ನಡುವಿನ ಕಪ್ಪು ಸಮುದ್ರದ ಜಗಳ ಹೀಗೇ ತೀರ್ಮಾನವಾಯಿತು.

ನಮ್ಮ ಬಂಗಾಳ ಕೊಲ್ಲಿಯೂ ಇದಕ್ಕೆ ಒಳ್ಳೆಯ ಉದಾಹರಣೆ. ಬಾಂಗ್ಲಾದೇಶದ ಕರಾವಳಿ ಒಳಕ್ಕೆ ಬಾಗಿದೆ. ಈ ಕಡೆಯಿಂದ ಭಾರತದ ಮಧ್ಯರೇಖೆ, ಆ ಕಡೆಯಿಂದ ಮ್ಯಾನ್ಮಾರ್‌ನ ಮಧ್ಯರೇಖೆ ಎಳೆದರೆ ಎರಡೂ ಮುಂದೆ ಹೋಗಿ ಕೂಡಿಕೊಳ್ಳುತ್ತವೆ. ನಡುವೆ ಬಾಂಗ್ಲಾದೇಶಕ್ಕೆ ಉಳಿಯುವುದು ಒಂದು ಸಣ್ಣ ತ್ರಿಕೋನ ಅಷ್ಟೇ. ಅದು 2009ರಲ್ಲಿ ಇಬ್ಬರ ಮೇಲೂ ದಾವೆ ಹೂಡಿತು. 2014ರ ಜುಲೈ 7ರಂದು ಭಾರತದ ಜೊತೆಗಿನ ತೀರ್ಪು ಬಂತು. ಪಂಚಾಯ್ತಿ ಮಂಡಳಿ ಗೆರೆಯನ್ನು ಭಾರತದ ಕಡೆಗೆ ವಾಲಿಸಿತು. ತಕರಾರಿನಲ್ಲಿದ್ದ 25,602 ಚದರ ಕಿಲೋಮೀಟರ್‌ನಲ್ಲಿ 19,467 ಬಾಂಗ್ಲಾದೇಶಕ್ಕೆ ಹೋಯಿತು. ಭಾರತ ಅದನ್ನು ಒಪ್ಪಿಕೊಂಡಿತು. ನಾವು ಹೆಮ್ಮೆ ಪಡಬೇಕಾದ ವಿಷಯ ಇದು ಅಂತ ನನಗೆ ಅನ್ನಿಸುತ್ತದೆ. ದೊಡ್ಡ ದೇಶವೊಂದು ತನಗೆ ಕಡಿಮೆ ಸಿಕ್ಕ ತೀರ್ಪಿಗೆ ತಲೆಬಾಗುವುದು ಸಣ್ಣ ಮಾತಲ್ಲ. ತಿಮೋರ್‌ನಲ್ಲಿ ಏನಾಯಿತು ಅಂತ ನೋಡಿದಾಗ ಇದರ ಬೆಲೆ ಗೊತ್ತಾಗುತ್ತದೆ.

ತಿಮೋರ್‌ಗೆ ಬರೋಣ. ಆ ದ್ವೀಪದ ದಕ್ಷಿಣಕ್ಕೆ, ದಡಕ್ಕೆ ಹತ್ತಿರದಲ್ಲೇ, ಸಮುದ್ರದ ತಳದಲ್ಲಿ ಒಂದು ಆಳವಾದ ಕಮರಿ ಇದೆ. 3,000 ಮೀಟರ್‌ಗಿಂತ ಜಾಸ್ತಿ ಆಳ. ಆಸ್ಟ್ರೇಲಿಯಾ ಹೇಳುತ್ತಿದ್ದುದು ಇಷ್ಟು: ನಮ್ಮ ನೆಲ ನೀರಿನೊಳಗೂ ಮುಂದುವರಿದು ಆ ಕಮರಿಯವರೆಗೆ ಬರುತ್ತದೆ, ಹಾಗಾಗಿ ಗಡಿ ಅಲ್ಲೇ. 1972ರಲ್ಲಿ ಇಂಡೋನೇಷ್ಯಾ ಈ ವಾದಕ್ಕೆ ಬಹುಮಟ್ಟಿಗೆ ಒಪ್ಪಿ ಸಹಿ ಹಾಕಿತು. ಆಸ್ಟ್ರೇಲಿಯಾ ನಮಗೆ ಟೋಪಿ ಹಾಕಿತು ಎಂಬರ್ಥದಲ್ಲಿ ಅದರ ವಿದೇಶಾಂಗ ಮಂತ್ರಿ ಮುಂದೆ ಬಹಿರಂಗವಾಗಿಯೇ ಹೇಳಿದರು. ಪೂರ್ವ ತಿಮೋರ್ ಆಗ ಪೋರ್ಚುಗಲ್ ಕೈಯಲ್ಲಿತ್ತು. ಪೋರ್ಚುಗಲ್ ಮಾತುಕತೆಗೆ ಬರಲಿಲ್ಲ. ಹೀಗೆ 1972ರ ಗೆರೆಯ ನಡುವೆ ಒಂದು ಖಾಲಿ ಜಾಗ ಉಳಿಯಿತು. ಅದಕ್ಕೇ ‘ತಿಮೋರ್ ಗ್ಯಾಪ್’ ಅನ್ನುವ ಹೆಸರು ಬಂತು.

ಆ ಖಾಲಿ ಜಾಗ ತುಂಬಿಸಿಕೊಳ್ಳುವ ಆಸೆ ಎಷ್ಟಿತ್ತು ಅನ್ನುವುದಕ್ಕೆ ಒಂದು ಕಾಗದ ಸಾಕ್ಷಿ. 1975ರ ಆಗಸ್ಟ್‌ನಲ್ಲಿ ಜಕಾರ್ತಾದಲ್ಲಿದ್ದ ಆಸ್ಟ್ರೇಲಿಯಾದ ರಾಯಭಾರಿ ರಿಚರ್ಡ್ ವೂಲ್ಕಾಟ್ ತಮ್ಮ ಸರ್ಕಾರಕ್ಕೆ ತಂತಿ ಕಳಿಸಿದರು. ಈ ಗಡಿಯ ಮಾತನ್ನು ಪೋರ್ಚುಗಲ್ ಜೊತೆಗೋ ಸ್ವತಂತ್ರ ತಿಮೋರ್ ಜೊತೆಗೋ ಆಡುವುದಕ್ಕಿಂತ ಇಂಡೋನೇಷ್ಯಾ ಜೊತೆ ಕುದುರಿಸುವುದು ಸುಲಭ ಅನ್ನುವುದು ಅದರಲ್ಲಿದ್ದ ಒಂದು ಮಾತು. ಅದೇ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೈನ್ಯ ಪೂರ್ವ ತಿಮೋರ್‌ಗೆ ನುಗ್ಗಿತು. 24 ವರ್ಷದ ಆ ಆಕ್ರಮಣದ ಕಾಲದಲ್ಲಿ ಕೊಲೆ, ಹಸಿವು, ರೋಗದಿಂದ ಕನಿಷ್ಠ 1 ಲಕ್ಷ ಜನ ಸತ್ತರು. ಅಷ್ಟು ಸಣ್ಣ ದೇಶದಲ್ಲಿ ಅದು ಎಂಥ ಸಂಖ್ಯೆ, ಯೋಚಿಸಿ.

ಆ ಸಾವುಗಳ ನಡುವೆಯೇ, 1989ರ ಡಿಸೆಂಬರ್ 11ರಂದು, ಆಸ್ಟ್ರೇಲಿಯಾದ ವಿದೇಶಾಂಗ ಮಂತ್ರಿ ಗ್ಯಾರೆತ್ ಎವಾನ್ಸ್ ಮತ್ತು ಇಂಡೋನೇಷ್ಯಾದ ಅಲಿ ಅಲಾತಾಸ್ ಒಂದು ವಿಮಾನದಲ್ಲಿ ಕೂತು ತಿಮೋರ್ ಸಮುದ್ರದ ಮೇಲೆ ಹಾರಿದರು. ಅಲ್ಲೇ, ಆಕಾಶದಲ್ಲೇ, ಕೆಳಗಿನ ಎಣ್ಣೆ ಹಂಚಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿ ಶಾಂಪೇನ್ ಗ್ಲಾಸು ಎತ್ತಿದರು. ಆ ಫೋಟೋ ಈಗಲೂ ಸಿಗುತ್ತದೆ. ಅದನ್ನು ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೋರ್ಚುಗಲ್ ಇದರ ವಿರುದ್ಧ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇಂಡೋನೇಷ್ಯಾ ಕಟಕಟೆಯಲ್ಲಿ ಇಲ್ಲದೆ ಅದರ ನಡತೆಯ ಮೇಲೆ ತೀರ್ಪು ಕೊಡಲಾಗದು ಎಂದು 1995ರಲ್ಲಿ ನ್ಯಾಯಾಲಯ ಕೈಚೆಲ್ಲಿತು.

1999ರ ಆಗಸ್ಟ್ 30ರಂದು ತಿಮೋರ್ ಜನ ಮತ ಹಾಕಿ ಸ್ವಾತಂತ್ರ್ಯ ಕೇಳಿದರು. 2002ರ ಮೇ 20ರಂದು ದೇಶ ಹುಟ್ಟಿತು. ಅದಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾ ಒಂದು ಕೆಲಸ ಮಾಡಿತ್ತು. ಸಮುದ್ರ ಗಡಿಯ ವಿಷಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಅಧಿಕಾರ ತನಗೆ ಅನ್ವಯಿಸದು ಎಂದು ಘೋಷಿಸಿತ್ತು. ಅಂದರೆ ಹೊಸ ದೇಶ ಕಣ್ಣು ಬಿಡುವ ಮೊದಲೇ ಕೋರ್ಟಿನ ಬಾಗಿಲು ಹಾಕಿಯಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. 200 ಮೈಲಿಯೊಳಗೆ ತಳದ ಆಕಾರ ಲೆಕ್ಕಕ್ಕಿಲ್ಲ ಎಂದು ಅದೇ ನ್ಯಾಯಾಲಯ 1985ರಲ್ಲೇ, ಲಿಬಿಯಾ-ಮಾಲ್ಟಾ ತೀರ್ಪಿನಲ್ಲಿ ಹೇಳಿತ್ತು. ಕಮರಿಯ ವಾದ ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ.

ಹಾಗಾದರೆ ಖಜಾನೆ ಬರಿದಾಗಿದ್ದ ಹೊಸ ದೇಶ ಏನು ಮಾಡಬೇಕಿತ್ತು? ಸ್ವಾತಂತ್ರ್ಯ ಬಂದ ದಿನವೇ ಅದು ತಿಮೋರ್ ಸಮುದ್ರ ಒಪ್ಪಂದಕ್ಕೆ ಸಹಿ ಹಾಕಿತು. ಎರಡೂ ದೇಶ ಹಂಚಿಕೊಳ್ಳುವ ಜಂಟಿ ವಲಯದ ಆದಾಯದಲ್ಲಿ ನೂರಕ್ಕೆ 90 ಪಾಲು ತಿಮೋರ್‌ಗೆ, 10 ಪಾಲು ಆಸ್ಟ್ರೇಲಿಯಾಕ್ಕೆ. ಕೇಳಲು ಉದಾರವಾಗಿದೆ ಅಲ್ವಾ? ಆದರೆ ಆ ವಲಯ ಇದ್ದದ್ದೇ ಮಧ್ಯರೇಖೆಯಿಂದ ತಿಮೋರ್ ಕಡೆಗೆ. ಅದರ ಪಕ್ಕದಲ್ಲೇ, ವಲಯದ ಹೊರಗೆ, ಲ್ಯಾಮಿನೇರಿಯಾ-ಕೊರಲೀನಾ ಎಂಬ ಎಣ್ಣೆ ನಿಕ್ಷೇಪಗಳಿದ್ದವು. 1999ರಿಂದ ಅಲ್ಲಿಂದ ಎಣ್ಣೆ ಬರುತ್ತಿತ್ತು. ಆ ಆದಾಯವನ್ನು ಆಸ್ಟ್ರೇಲಿಯಾ ಒಂದೇ ಇಟ್ಟುಕೊಂಡಿತು.

ಪಕ್ಕಪಕ್ಕದ ಎರಡು ತೋಟಗಳ ಬೇಲಿ ತಕರಾರಿನಲ್ಲಿರುವಾಗ ಒಬ್ಬ ಬೋರ್‌ವೆಲ್ ಕೊರೆಸಿ ಹಗಲು ರಾತ್ರಿ ನೀರೆತ್ತುತ್ತಿದ್ದಾನೆ ಅಂದುಕೊಳ್ಳಿ. ಸರ್ವೆ ಮಾಡುವವನು ಹತ್ತು ವರ್ಷ ಬಿಟ್ಟು ಬಂದರೆ ಬೇಲಿ ಸರಿಯಾಗಬಹುದು, ಹೋದ ನೀರು ತಿರುಗಿ ಬರುವುದಿಲ್ಲ. ಗಡಿ ಮಾತುಕತೆ ಎಳೆದಷ್ಟೂ ಎಣ್ಣೆ ಎತ್ತುವವನಿಗೆ ಲಾಭ. 2006ರ ಒಪ್ಪಂದದಲ್ಲಿ ಗ್ರೇಟರ್ ಸನ್‌ರೈಸ್ ಆದಾಯ ಅರ್ಧರ್ಧ ಅಂತಾಯಿತು. ಆದರೆ ಜೊತೆಗೆ ಒಂದು ಷರತ್ತು ಸೇರಿತ್ತು: 50 ವರ್ಷ ಗಡಿಯ ಮಾತು ಎತ್ತುವಂತಿಲ್ಲ. ಅಷ್ಟರೊಳಗೆ ತಳದಲ್ಲಿ ಏನು ಉಳಿದಿರುತ್ತಿತ್ತು?

ಆ ಮಾತುಕತೆಯೂ ನೇರವಾಗಿ ನಡೆದದ್ದಲ್ಲ ಅನ್ನುವ ಆರೋಪ ಆಮೇಲೆ ಹೊರಬಂತು. 2004ರಲ್ಲಿ ತಿಮೋರ್‌ನ ರಾಜಧಾನಿ ದಿಲಿಯ ಸರ್ಕಾರಿ ಕಟ್ಟಡವನ್ನು ನೆರವಿನ ಹಣದಲ್ಲಿ ದುರಸ್ತಿ ಮಾಡುವಾಗ, ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆ ಸಂಪುಟ ಸಭೆಯ ಕೋಣೆಯ ಗೋಡೆಯೊಳಗೆ ಕದ್ದು ಕೇಳುವ ಯಂತ್ರ ಇಟ್ಟಿತು ಅನ್ನುವುದು ಆ ಆರೋಪ. ಅದನ್ನು ಹೇಳಿದವರು ಅದೇ ಸಂಸ್ಥೆಯ ಮಾಜಿ ಅಧಿಕಾರಿ. ‘ವಿಟ್ನೆಸ್ ಕೆ’ ಎಂದಷ್ಟೇ ಅವರ ಗುರುತು. 2013ರ ಡಿಸೆಂಬರ್‌ನಲ್ಲಿ ತಿಮೋರ್ ಪರ ವಕೀಲ ಬರ್ನಾರ್ಡ್ ಕೊಲ್ಲೇರಿ ಅವರ ಕಚೇರಿ ಮೇಲೆ ಆಸ್ಟ್ರೇಲಿಯಾ ದಾಳಿ ಮಾಡಿ ಕಾಗದಪತ್ರ ಹೊತ್ತೊಯ್ದಿತು. ಆ ಕಾಗದಗಳಿಗೆ ಸೀಲ್ ಹಾಕಿಡಿ, ತಿಮೋರ್ ವಿರುದ್ಧ ಬಳಸಬೇಡಿ ಎಂದು ಹೇಗ್ ನ್ಯಾಯಾಲಯ 2014ರ ಮಾರ್ಚ್‌ನಲ್ಲಿ ಆದೇಶ ಕೊಟ್ಟಿತು. ವಿಟ್ನೆಸ್ ಕೆಗೆ 2021ರಲ್ಲಿ ಜೈಲು ಶಿಕ್ಷೆಯಾಯಿತು, ಆದರೆ ಅದನ್ನು ಅಮಾನತ್ತಿನಲ್ಲಿಟ್ಟರು. ಕೊಲ್ಲೇರಿ ಮೇಲಿನ ಕೇಸನ್ನು ಸರ್ಕಾರ 2022ರಲ್ಲಿ ಕೈಬಿಟ್ಟಿತು.

ಬಾಗಿಲು ಹಾಕಿದ ಮನೆಗೆ ತಿಮೋರ್ ಕೊನೆಗೆ ಒಂದು ಕಿಟಕಿ ಹುಡುಕಿತು. ಸಮುದ್ರ ಕಾನೂನು ಒಪ್ಪಂದದಲ್ಲಿ ಕಡ್ಡಾಯ ಸಂಧಾನ ಅನ್ನುವ ಒಂದು ವ್ಯವಸ್ಥೆ ಇದೆ. ತೀರ್ಪಿಗೆ ಬದ್ಧರಾಗಬೇಕಿಲ್ಲ, ಆದರೆ ಮಾತಿಗೆ ಕೂರಲೇಬೇಕು. ಅದನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. 2013ರಲ್ಲಷ್ಟೇ ಒಪ್ಪಂದಕ್ಕೆ ಸೇರಿದ್ದ ತಿಮೋರ್ 2016ರ ಏಪ್ರಿಲ್‌ನಲ್ಲಿ ಅದನ್ನು ಮೊದಲ ಬಾರಿ ಬಳಸಿತು. ಅದರ ಹಿಂದಿನ ತಿಂಗಳು ಸಾವಿರಾರು ಜನ ದಿಲಿಯ ಆಸ್ಟ್ರೇಲಿಯಾ ರಾಯಭಾರ ಕಚೇರಿ ಮುಂದೆ ಸೇರಿ ಮಧ್ಯರೇಖೆ ಕೇಳಿದ್ದರು. ತಿಮೋರ್ ಪರವಾಗಿ ಮಾತುಕತೆಯ ಮುಂದಾಳತ್ವ ವಹಿಸಿದವರು ಶನಾನಾ ಗುಸ್ಮಾವೊ. ಹಿಂದೆ ಕಾಡಿನಲ್ಲಿದ್ದು ಹೋರಾಡಿ, ಜಕಾರ್ತಾದ ಜೈಲಿನಲ್ಲಿ ವರ್ಷಗಟ್ಟಲೆ ಕಳೆದವರು. ಸಂಧಾನ ನಡೆಸುವ ಆಯೋಗಕ್ಕೆ ಅಧಿಕಾರವೇ ಇಲ್ಲ ಎಂದು ಆಸ್ಟ್ರೇಲಿಯಾ ವಾದಿಸಿ ಸೋತಿತು. 2018ರ ಮಾರ್ಚ್ 6ರಂದು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಸಮುದ್ರದ ಹೆಚ್ಚಿನ ಉದ್ದಕ್ಕೂ ಗಡಿ ಮಧ್ಯರೇಖೆಯಲ್ಲೇ ನಿಂತಿತು.

ಸಂತೋಷದ ಸುದ್ದಿಯೇ. ಆದರೆ ಒಪ್ಪಂದವನ್ನು ಪೂರ್ತಿ ಓದಬೇಕು. ಹಿಂದೆ ಎತ್ತಿದ ಎಣ್ಣೆಗೆ ಯಾರೂ ಪರಿಹಾರ ಕೇಳುವಂತಿಲ್ಲ ಅಂತ ಅದರಲ್ಲಿದೆ. ಪಶ್ಚಿಮದ ಗೆರೆಯ ಒಂದು ತುಂಡು ತಾತ್ಕಾಲಿಕ. ಲ್ಯಾಮಿನೇರಿಯಾ ಮತ್ತು ಕೊರಲೀನಾ ಪೂರ್ತಿ ಬರಿದಾಗುವವರೆಗೆ ಅದು ಸರಿಯುವ ಹಾಗಿಲ್ಲ. ಎಣ್ಣೆ ಮುಗಿದ ಮೇಲೆ ಗೆರೆ ಸರಿಯುತ್ತದೆ! ಈ ಒಂದು ವಾಕ್ಯ ನನ್ನನ್ನು ತುಂಬಾ ಕಾಡಿದೆ.

ಗ್ರೇಟರ್ ಸನ್‌ರೈಸ್ ಮೇಲೆಯೇ ಗಡಿ ಹಾದುಹೋಗುತ್ತದೆ, ಹಾಗಾಗಿ ಹಂಚಿಕೆ ಬೇರೆ. ಪೈಪ್‌ಲೈನ್ ತಿಮೋರ್‌ಗೆ ಬಂದರೆ ತಿಮೋರ್‌ಗೆ 70 ಪಾಲು, ಆಸ್ಟ್ರೇಲಿಯಾಕ್ಕೆ 30. ಡಾರ್ವಿನ್‌ಗೆ ಹೋದರೆ 80 ಮತ್ತು 20. ತಿಮೋರ್ ಕಡಿಮೆ ಪಾಲಿನ ದಾರಿಯನ್ನೇ ಬಯಸುತ್ತಿದೆ. ಅನಿಲ ತನ್ನ ದಕ್ಷಿಣ ಕರಾವಳಿಗೆ ಬಂದರೆ ಕೆಲಸ, ಕಾರ್ಖಾನೆ ತನ್ನ ಜನರಿಗೆ ಸಿಗುತ್ತದೆ ಅನ್ನುವುದು ಅದರ ಲೆಕ್ಕ. ಆದರೆ ಪೈಪ್ ಅದೇ 3,000 ಮೀಟರ್ ಕಮರಿಯನ್ನು ದಾಟಬೇಕು, ಖರ್ಚೂ ದೊಡ್ಡದು. 1974ರಲ್ಲಿ ಸಿಕ್ಕ ಅನಿಲ ಇನ್ನೂ ತಳದಲ್ಲೇ ಇದೆ.

ತಿಮೋರ್ 2005ರಲ್ಲಿ ಪೆಟ್ರೋಲಿಯಂ ನಿಧಿ ಕಟ್ಟಿಕೊಂಡಿತು. 2023ರ ಹೊತ್ತಿಗೆ ಅದರಲ್ಲಿ ಸುಮಾರು 1,800 ಕೋಟಿ ಡಾಲರ್ ಇತ್ತು. ಸರ್ಕಾರದ ಖರ್ಚಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. ಅದನ್ನು ತುಂಬಿಸುತ್ತಿದ್ದ ಬಾಯು-ಉಂದಾನ್ ನಿಕ್ಷೇಪದಲ್ಲಿ ಈಗ ಉತ್ಪಾದನೆ ನಿಂತಿದೆ. ಇಂಡೋನೇಷ್ಯಾ ಜೊತೆಗಿನ ಸಮುದ್ರ ಗಡಿಯೂ ಬಾಕಿ ಇದೆ. ಪಶ್ಚಿಮದ ಆ ತಾತ್ಕಾಲಿಕ ತುಂಡು ಸರಿಯಬೇಕಾದರೆ ಆ ಗಡಿಯೂ ಮೊದಲು ಗೊತ್ತಾಗಬೇಕು. ಹಾಗಾಗಿ ದಿಲಿಯವರು ಮುಂದೆ ಕೂರಬೇಕಾದ ಮೇಜು ಜಕಾರ್ತಾದ್ದು. ಈಗ ನಿಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.