ವಾಟ್ಸನ್ ಆ ಕೋಣೆಯಲ್ಲಿ ಇರಲಿಲ್ಲ

ಕೇಳುಗರಿಗೆ ನಮಸ್ಕಾರ.

ನಾನು ಕರಡು ತಿದ್ದುವವಳು. ಮೈಸೂರಿನ ಒಂದು ಸಣ್ಣ ಮುದ್ರಣಾಲಯಕ್ಕೆ ಇಪ್ಪತ್ತು ವರ್ಷದಿಂದ ಪ್ರೂಫ್ ನೋಡುತ್ತಿದ್ದೇನೆ. ಮದುವೆ ಕಾಗದದಿಂದ ಹಿಡಿದು ಪಿಎಚ್.ಡಿ. ಪ್ರಬಂಧದವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ರಸ್ತೆಯಲ್ಲಿ ಅಂಗಡಿ ಬೋರ್ಡಿನ ಒತ್ತಕ್ಷರ ತಪ್ಪಿದ್ದರೆ ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ಇಂಥವಳಿಗೆ ಅಕ್ಕನ ಮಗಳು ಒಂದು ಕಥೆ ಕಳಿಸಿದಳು. ಇವತ್ತಿನ ಮಾತು ಶುರುವಾದದ್ದೇ ಅಲ್ಲಿಂದ.

ಅವಳು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕಥೆ ಪತ್ತೇದಾರ ಷರ್ಲಾಕ್ ಹೋಮ್ಸ್‌ದು. ಅನುವಾದ ಅಲ್ಲ. ಹೋಮ್ಸ್, ಅವನ ಗೆಳೆಯ ವಾಟ್ಸನ್, ಅವರ ಮನೆಯಿರುವ ಬೇಕರ್ ಸ್ಟ್ರೀಟ್ ಎಲ್ಲ ಆರ್ಥರ್ ಕಾನನ್ ಡಾಯ್ಲ್ ಅವರದು, ಕಥೆಯೊಳಗಿನ ಕಳ್ಳತನ ಮಾತ್ರ ಇವಳದು. ಹೀಗೆ ತಮಗೆ ಇಷ್ಟವಾದ ಕಥೆಯ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳೇ ಹೊಸ ಕಥೆ ಕಟ್ಟುವುದಕ್ಕೆ ಫ್ಯಾನ್ ಫಿಕ್ಷನ್ ಅನ್ನುತ್ತಾರೆ. ದುಡ್ಡು ಬರುವುದಿಲ್ಲ. ಯಾರೂ ಬರಿ ಅಂತ ಕೇಳಿರುವುದಿಲ್ಲ. ಸುಮ್ನೆ ಪ್ರೀತಿಗೆ ಬರೆಯುವುದು.

'ಚಿಕ್ಕಮ್ಮ, ಆನ್‌ಲೈನ್‌ನಲ್ಲಿ ಹಾಕೋ ಮೊದಲು ನೀನೊಂದು ಸಲ ನೋಡು' ಅಂದಳು. ನಾನು ನೋಡಿದೆ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಮೂವತ್ತೆರಡು ಪುಟವನ್ನೂ ಜರಡಿ ಹಿಡಿದೆ. ಅಕಾರ ಹಕಾರ, ಅಲ್ಪಪ್ರಾಣ ಮಹಾಪ್ರಾಣ, ಬಿಡಿಸಿ ಬರೆದದ್ದು, ಕೂಡಿಸಿ ಬರೆದದ್ದು, ಒಂದನ್ನೂ ಬಿಡಲಿಲ್ಲ. ಮೊದಲ ಪುಟದ ನೆತ್ತಿಯ ಮೇಲೆ 'ಒಟ್ಟು ತಪ್ಪು 112' ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು, ಕೊರಿಯರ್ ಮಾಡಿದೆ. ನಿಜ ಹೇಳಬೇಕೆಂದರೆ ಆ ಎರಡು ಗೆರೆ ಎಳೆಯುವಾಗ ನನಗೆ ತುಂಬಾ ಖುಷಿಯಾಗಿತ್ತು.

ಎರಡು ತಿಂಗಳು ಹುಡುಗಿಯ ಸುದ್ದಿಯೇ ಇಲ್ಲ. ಕೊನೆಗೆ ಅಕ್ಕ ಫೋನ್ ಮಾಡಿದಳು. 'ಅವಳು ಬರೆಯೋದೇ ಬಿಟ್ಟಿದಾಳೆ ಕಣೇ. ಏನ್ ಮಾಡ್ದೆ ನೀನು?'

ಏನು ಮಾಡಿದ್ದೆ ಅನ್ನುವುದು ನನಗೆ ಗೊತ್ತಾದದ್ದು ಇನ್ನೊಬ್ಬಳಿಂದ. ಹುಬ್ಬಳ್ಳಿಯಲ್ಲಿ ಇವಳಿಗೊಬ್ಬಳು ಗೆಳತಿ ಇದ್ದಾಳೆ. ಹೋಮ್ಸ್ ಹುಚ್ಚಿ. ನಾನು ತಿದ್ದಿದ ಪ್ರತಿಯನ್ನೇ ಅವಳು ಒಂದು ರಾತ್ರಿಯಲ್ಲಿ ಓದಿ ಮುಗಿಸಿ ಹೇಳಿದಳಂತೆ: 'ಅಲ್ಲಲೇ, ವಾಟ್ಸನ್ ಆ ಖೋಲ್ಯಾಗ ಇರಲೇ ಇಲ್ಲಲ್ಲ. ಅವಗ ಹೆಂಗ ಗೊತ್ತಾತು?'

ನಾಲ್ಕನೇ ಅಧ್ಯಾಯದಲ್ಲಿ ಹೋಮ್ಸ್ ಒಬ್ಬನೇ ರಾತ್ರಿ ಒಂದು ಬಂಗಲೆಗೆ ನುಗ್ಗುತ್ತಾನೆ. ವಾಟ್ಸನ್ ರೈಲ್ವೆ ಸ್ಟೇಷನ್ನಿನಲ್ಲಿ ಕಾವಲು ಕೂತಿದ್ದಾನೆ. ಕಥೆ ಹೇಳುತ್ತಿರುವವನು ವಾಟ್ಸನ್. ಆದರೂ ಬಂಗಲೆಯೊಳಗೆ ಮೇಣದಬತ್ತಿಯ ನೆರಳು ಗೋಡೆಯ ಮೇಲೆ ಹೇಗೆ ಅಲ್ಲಾಡಿತು ಅನ್ನುವುದನ್ನು ಅವನು ಒಂದೂವರೆ ಪುಟ ವರ್ಣಿಸುತ್ತಾನೆ! ಸ್ಟೇಷನ್ನಿನಲ್ಲಿ ಕೂತೇ. ನಾನು ಅದೇ ಪುಟದಲ್ಲಿ 'ಮೇಣದ ಬತ್ತಿ' ಅಂತ ಬಿಡಿಸಿ ಬರೆದದ್ದನ್ನು ಮೂರು ಕಡೆ ಕೂಡಿಸಿದ್ದೆ. ಬತ್ತಿ ಕಂಡಿತ್ತು. ಅದನ್ನು ನೋಡುತ್ತಿರುವ ಕಣ್ಣು ಯಾರದು ಅಂತ ಮಾತ್ರ ಕಾಣಲಿಲ್ಲ. ಇಪ್ಪತ್ತು ವರ್ಷದ ಅನುಭವ, ಅಲ್ವಾ?

ಆಗಿನಿಂದ ನಾನೂ ಸ್ವಲ್ಪ ತಿಳಿದುಕೊಂಡೆ. ಈ ಬರಹಗಾರರ ಲೋಕದಲ್ಲಿ ಹುಬ್ಬಳ್ಳಿ ಹುಡುಗಿ ಮಾಡಿದ ಕೆಲಸಕ್ಕೆ ಒಂದು ಹೆಸರೇ ಇದೆ. ಬೀಟಾ ರೀಡರ್. ಸಾಫ್ಟ್‌ವೇರ್ ಕಂಪನಿಯವರು ಮಾರುವ ಮೊದಲು ಕೆಲವರಿಗೆ ಕೊಟ್ಟು ಪರೀಕ್ಷೆ ಮಾಡಿಸುವುದಕ್ಕೆ ಬೀಟಾ ಅನ್ನುತ್ತಾರಲ್ಲ, ಅಲ್ಲಿಂದ ಬಂದ ಮಾತು. ಕಥೆ ಎಲ್ಲರ ಕೈಗೆ ಹೋಗುವ ಮೊದಲು ಒಬ್ಬರು ಓದಿ ಹೇಳುವುದು.

ಮೊದಲು ಈ ಪದವೂ ಬೇಕಿರಲಿಲ್ಲ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಬಾಹ್ಯಾಕಾಶದ ಹಡಗೊಂದರ ಕಥೆ ಹೇಳುವ ಸ್ಟಾರ್ ಟ್ರೆಕ್ ಧಾರಾವಾಹಿ ಶುರುವಾಯಿತು. ಮರುವರ್ಷವೇ ಅಭಿಮಾನಿಗಳು ಸೇರಿ ಸ್ಪಾಕನೇಲಿಯಾ ಅನ್ನುವ ಪತ್ರಿಕೆ ತಂದರು. ಅಂಥ ಪತ್ರಿಕೆಗಳು ಸೈಕ್ಲೋಸ್ಟೈಲ್‌ನಲ್ಲಿ ಆಗುತ್ತಿದ್ದವು. ನನ್ನ ವಯಸ್ಸಿನವರಿಗೆ ಸೈಕ್ಲೋಸ್ಟೈಲ್ ಅಂದ ಕೂಡಲೇ ಪ್ರಶ್ನೆಪತ್ರಿಕೆಯ ಮಸಿ ವಾಸನೆ ಮೂಗಿಗೆ ಬರುತ್ತದೆ. ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಮಾಡಬೇಕು. ಒಂದಕ್ಷರ ತಪ್ಪಿದರೆ ಅದರ ಮೇಲೆ ದ್ರವ ಹಚ್ಚಿ, ಒಣಗುವವರೆಗೆ ಕಾದು, ಅದೇ ಜಾಗಕ್ಕೆ ಸರಿಯಾಗಿ ಮತ್ತೆ ಕುಟ್ಟಬೇಕು. ಕಾಗದಕ್ಕೆ ದುಡ್ಡು, ಅಂಚೆಗೆ ದುಡ್ಡು. ಹಾಗಾಗಿ ನಡುವೆ ಸಂಪಾದಕಿ ಒಬ್ಬಳು ಇದ್ದೇ ಇರುತ್ತಿದ್ದಳು. ಕಥೆ ಅವಳನ್ನು ದಾಟಿಯೇ ಹೋಗಬೇಕು.

ಆ ಸಂಪಾದಕಿಯರಿಗೂ ಸಾಕುಸಾಕಾಗುತ್ತಿತ್ತು. ಹಡಗಿಗೆ ಹೊಸದಾಗಿ ಒಬ್ಬಳು ಹುಡುಗಿ ಬರುತ್ತಾಳೆ, ಎಲ್ಲರಿಗಿಂತ ಜಾಣೆ, ಎಲ್ಲರಿಗಿಂತ ಚೆಲುವೆ, ಕ್ಯಾಪ್ಟನ್ನೂ ಅವಳಿಗೆ ಮರುಳಾಗುತ್ತಾನೆ. ಬಂದ ಕಥೆಯಲ್ಲೆಲ್ಲ ಇದೇ. 1973ರಲ್ಲಿ ಪೌಲಾ ಸ್ಮಿತ್ ಎಂಬ ಸಂಪಾದಕಿ ತಡೆಯಲಾರದೆ ಒಂದು ಪುಟ್ಟ ಅಣಕ ಬರೆದರು. ಅದರ ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್. ಹೆಸರು ಮೇರಿ ಸ್ಯೂ. ಎಲ್ಲದರಲ್ಲೂ ಮಿಗಿಲಾದ ಇಂಥ ಪಾತ್ರಕ್ಕೆ ಆ ಹೆಸರು ಇವತ್ತಿಗೂ ನಿಂತಿದೆ. ಕೆಟ್ಟ ಕರಡುಗಳನ್ನು ಓದೀ ಓದೀ ಒಬ್ಬ ಸಂಪಾದಕಿ ಸಾಹಿತ್ಯ ವಿಮರ್ಶೆಗೆ ಒಂದು ಪದ ಕೊಟ್ಟರು ನೋಡಿ. ಕರಡು ತಿದ್ದುವವಳಾಗಿ ನನಗೆ ಹೆಮ್ಮೆ!

ಆಮೇಲೆ ಇಂಟರ್ನೆಟ್ ಬಂತು. ಇಂಥ ಕಥೆ ಹಾಕುವುದಕ್ಕೇ ಜಾಲತಾಣಗಳು ಬಂದವು: 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್, 2009ರಲ್ಲಿ ಸ್ವಯಂಸೇವಕರೇ ನಡೆಸುವ ಆರ್ಕೈವ್ ಆಫ್ ಅವರ್ ಓನ್. ಎರಡನೆಯದರಲ್ಲಿ ಈಗ ಒಂದು ಕೋಟಿಗೂ ಜಾಸ್ತಿ ಬರಹಗಳಿವೆ. ಅದಕ್ಕೆ 2019ರಲ್ಲಿ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ಸ್ಟೆನ್ಸಿಲ್ ಹೋಯಿತು, ಅಂಚೆ ಹೋಯಿತು, ಸಂಪಾದಕಿಯೂ ಹೋದಳು. ಒಂದು ಗುಂಡಿ ಒತ್ತಿದರೆ ಕಥೆ ಲೋಕಕ್ಕೆ. ತಿದ್ದಿಸುವುದು ಈಗ ಬರೆದವರ ಇಷ್ಟ.

ಇಷ್ಟ ಅಂದ ಮೇಲೆ ಬೇಡ ಅನ್ನುವವರೂ ಇರುತ್ತಾರೆ. 'ನೋ ಬೀಟಾ, ವಿ ಡೈ ಲೈಕ್ ಮೆನ್' ಅಂತ ಕಥೆಯ ನೆತ್ತಿಯ ಮೇಲೆ ಚೀಟಿ ಅಂಟಿಸುವುದೇ ಅಲ್ಲಿ ಒಂದು ತಮಾಷೆ. ಯಾರ ಹತ್ತಿರವೂ ತಿದ್ದಿಸಿಲ್ಲ, ಸತ್ತರೆ ಗಂಡಸರ ಹಾಗೆ ಸಾಯುತ್ತೇವೆ ಅಂತ. ಅಕ್ಕನ ಮಗಳು ಇದನ್ನು ತೋರಿಸಿದಾಗ ನನಗೆ ಗದುಗಿನ ಕುಮಾರವ್ಯಾಸ ನೆನಪಾದ. ಹಲಗೆ ಬಳಪ ಹಿಡಿಯುವುದಿಲ್ಲ, ಇಟ್ಟ ಪದ ಅಳಿಸುವುದಿಲ್ಲ, ಅದೇ ನನ್ನ ಹೆಚ್ಚುಗಾರಿಕೆ ಅಂದವನಲ್ಲವೇ ಅವನು? ಅವನೂ ವ್ಯಾಸರ ಪಾತ್ರಗಳನ್ನೇ ಎತ್ತಿಕೊಂಡು ಬರೆದವನು. ಆದರೆ ಅವನು ಕುಮಾರವ್ಯಾಸ. ನಮ್ಮ ಹುಡುಗಿಗೆ ನಾಳೆ ಇಂಟರ್ನಲ್ಸ್ ಇದೆ.

ಬೇಡ ಅನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಮಧ್ಯಾಹ್ನ ಹೊಳೆದು ಸಂಜೆಗೆ ಮುಗಿದ ಎರಡು ಪುಟದ ಕಥೆಗೆ ಯಾರನ್ನೂ ಕಾಯಬೇಕಿಲ್ಲ. ಹಬ್ಬದ ದಿನ ಮನೆ ಮುಂದೆ ರಂಗೋಲಿ ಹಾಕುವವಳಿಗೆ ಪರೀಕ್ಷಕರು ಯಾಕೆ? ಆದರೆ ನೋಡಿ, ದೊಡ್ಡ ರಂಗೋಲಿ ಹಾಕುವಾಗ ಬಣ್ಣ ತುಂಬುವ ಮೊದಲು ಅವಳೇ ಒಳಗಿದ್ದವರನ್ನು ಕೂಗುತ್ತಾಳೆ. 'ಸ್ವಲ್ಪ ದೂರ ನಿಂತು ನೋಡೇ, ಸೊಟ್ಟ ಆಗಿದೆಯಾ?' ಅವಳಿಗೆ ಹಾಕಲು ಬರುವುದಿಲ್ಲ ಅಂತಲ್ಲ. ಅವಳು ಬಗ್ಗಿ ಕೂತಿದ್ದಾಳೆ. ಕೂತ ಕಡೆಯಿಂದ ಸೊಟ್ಟ ಕಾಣುವುದಿಲ್ಲ.

ಬಣ್ಣ ತುಂಬುವ ಮೊದಲು ಅಂದೆ. ಅದು ಮುಖ್ಯ. ಹಾಕಿ ಮುಗಿದ ಮೇಲೆ ದಾರಿಹೋಕರು ನಿಂತು ಆ ಎಳೆ ಸರಿಯಿಲ್ಲ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕಥೆ ಹಾಕಿದ ಮೇಲೆ ಕೇಳದೇ ತಪ್ಪು ಎತ್ತಿ ತೋರಿಸುವುದನ್ನು ಈ ಬರಹಗಾರರಲ್ಲಿ ಬಹಳ ಜನ ಒರಟುತನ ಅಂತಲೇ ತಿಳಿಯುತ್ತಾರೆ. ಹಾಗಾಗಿ ಹೇಳಿಸಿಕೊಳ್ಳುವುದಿದ್ದರೆ ಅದು ಮೊದಲೇ ಆಗಬೇಕು, ತಾವಾಗಿ ಕೇಳಿ ಆಗಬೇಕು.

ಯಾರನ್ನು ಕೇಳುವುದು? ನನ್ನಂಥವಳನ್ನು ಮೊದಲು ಕೇಳಬೇಡಿ. ಕಾಗುಣಿತ ನೋಡುವವರು ಕೊನೆಗೆ ಬರಲಿ. ಮೊದಲು ಬೇಕಾದದ್ದು ಆ ಮೂಲ ಕಥೆಯನ್ನು ನಿಮ್ಮಷ್ಟೇ ಹುಚ್ಚು ಹಿಡಿದು ಓದಿದವರು. ಈ ಪಾತ್ರ ಹೀಗೆ ಮಾತಾಡುವುದಿಲ್ಲ ಅಂತ ಅವರಿಗೇ ಗೊತ್ತು. ನಮ್ಮ ಹುಡುಗಿಯ ಕಥೆಯಲ್ಲಿ ಹೋಮ್ಸ್ ಮನೆಗೆ ಬಂದವನು ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ. ನಾನು ಅದನ್ನು ಓದಿ ಮುಂದೆ ಹೋಗಿದ್ದೆ, ಚಪ್ಪಲಿಯ ಒತ್ತು ಸರಿ ಇತ್ತಲ್ಲ. ಹುಬ್ಬಳ್ಳಿಯವಳು ಪಕ್ಕದಲ್ಲಿ ಬರೆದಿದ್ದಳು: 'ಅವನ ಮನ್ಯಾಗ ಚಪ್ಪಲಿ ಇರೂದು ತಂಬಾಕ ಇಡಾಕ.' ನಿಜವೇ. ಡಾಯ್ಲ್ ಬರೆದ ಹೋಮ್ಸ್ ತನ್ನ ತಂಬಾಕನ್ನು ಒಂದು ಪರ್ಷಿಯನ್ ಚಪ್ಪಲಿಯ ತುದಿಯಲ್ಲಿ ತುರುಕಿಡುತ್ತಾನೆ.

ಇದಕ್ಕೂ ಅವರಲ್ಲಿ ಒಂದು ಹೆಸರಿದೆ, ಬ್ರಿಟ್‌ಪಿಕ್. ಹ್ಯಾರಿ ಪಾಟರ್ ಕಥೆ ನಡೆಯುವುದು ಬ್ರಿಟನ್ನಿನಲ್ಲಿ. ಅದರ ಮೇಲೆ ಬರೆಯುವ ಅಮೆರಿಕದವರು ತಮ್ಮ ಕರಡನ್ನು ಬ್ರಿಟನ್ನಿನ ಒಬ್ಬರಿಗೆ ತೋರಿಸುತ್ತಾರೆ. ಇಬ್ಬರದೂ ಇಂಗ್ಲಿಷೇ. ಆದರೆ ಅಮೆರಿಕದಲ್ಲಿ ಪ್ಯಾಂಟ್ಸ್ ಅಂದರೆ ನಾವು ಹೇಳುವ ಪ್ಯಾಂಟೇ, ಬ್ರಿಟನ್ನಿನಲ್ಲಿ ಒಳಚಡ್ಡಿ. ಮೇಷ್ಟ್ರು ಕಪ್ಪು ಪ್ಯಾಂಟ್ಸ್‌ನಲ್ಲಿ ಗಂಭೀರವಾಗಿ ತರಗತಿಗೆ ಬಂದರು ಅಂತ ಬರೆದರೆ ಏನಾಗುತ್ತದೆ, ಯೋಚಿಸಿ.

ಕೇಳುವಾಗ ಸುಮ್ನೆ 'ನೋಡು' ಅನ್ನಬೇಡಿ. ಅಕ್ಕನ ಮಗಳು ನನಗೆ ಅಂದದ್ದು ಅಷ್ಟೇ, ಅದಕ್ಕೇ ನಾನು ನನಗೆ ಬರುವುದನ್ನು ನೋಡಿದೆ. ಈಗ ಅವಳು ಚೀಟಿ ಇಟ್ಟು ಕಳಿಸುತ್ತಾಳೆ. ಎಲ್ಲಿ ಬೇಜಾರಾಯಿತು ಹೇಳು. ಕಳ್ಳ ಯಾರು ಅಂತ ಎಷ್ಟನೇ ಪುಟಕ್ಕೆ ಗೊತ್ತಾಯಿತು ಹೇಳು. ಕಾಗುಣಿತ ಈಗ ಬೇಡ. ಆ ಕೊನೆಯ ಸಾಲು ನನಗೇ ಇರಬೇಕು.

ಹೇಳಿದ್ದನ್ನೆಲ್ಲ ಕೇಳಬೇಕು ಅಂತಲೂ ಇಲ್ಲ. ಅವಳ ಕಥೆಯಲ್ಲಿ ಹೋಮ್ಸ್‌ನ ಮನೆಯೊಡತಿ ಮಿಸೆಸ್ ಹಡ್ಸನ್ 'ಎಂತ ಮಾರಾಯ್ರೇ, ಊಟ ತಣ್ಣಗಾಯ್ತಲ್ಲ' ಅಂತಾಳೆ. ಲಂಡನ್ನಿನಲ್ಲಿ ಮಾರಾಯ್ರೇ ಎಲ್ಲಿಂದ ಬಂತು ಅಂತ ನಾನು ಹೊಡೆದು ಹಾಕಿದ್ದೆ. ಗೆಳತಿ ಅದನ್ನೇ ಇಡೀ ಕಥೆಯ ಚೆಂದದ ಸಾಲು ಅಂದಳು. ಹುಡುಗಿ ಮಾರಾಯ್ರೇ ಉಳಿಸಿಕೊಂಡಳು. ಈಗ ಓದಿದರೆ ನನಗೂ ಅದೇ ಸರಿ ಅನ್ನಿಸುತ್ತದೆ. ಕನ್ನಡ ಮಾತಾಡುವ ಮಿಸೆಸ್ ಹಡ್ಸನ್ ಯಾವುದಾದರೂ ಒಂದು ಊರಿನ ಕನ್ನಡವನ್ನೇ ಆಡಬೇಕಲ್ಲ?

ಇನ್ನೊಂದು, ಈ ಕೆಲಸಕ್ಕೆ ಕೂಲಿ ಇಲ್ಲ. ಮೂವತ್ತು ಪುಟ ಗಮನ ಇಟ್ಟು ಓದುವುದು ಅಂದರೆ ಒಬ್ಬರ ಭಾನುವಾರ ಹೋಯಿತು. ಮಲೆನಾಡಿನಲ್ಲಿ ಮುಯ್ಯಾಳು ಅಂತ ಇದೆಯಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಹಾಗೆಯೇ ಇದು. ಹುಬ್ಬಳ್ಳಿಯವಳು ಈಗ ತಾನೂ ಒಂದು ಕಥೆ ಬರೆಯುತ್ತಿದ್ದಾಳೆ. ಓದುವವಳು ಇವಳು. ಬೇರೆಯವರ ಕರಡಿನಲ್ಲಿ ವಾಟ್ಸನ್ ಎಲ್ಲಿ ಕೂತಿದ್ದಾನೆ ಅಂತ ಹುಡುಕಿ ಹುಡುಕಿ, ತನ್ನ ಕರಡಿನಲ್ಲೂ ಅವನನ್ನು ಹುಡುಕುವುದು ಅಭ್ಯಾಸವಾಗಿದೆ ಇವಳಿಗೆ.

ಓದುವವರು ಯಾರೂ ಸಿಗದಿದ್ದರೆ? ಹೊರಗೆ ಕೇಳುವ ಹಾಗೆ ಓದಿ. ಬಾನುಲಿಗೆ ಬಂದ ಮೇಲೆ ನಾನು ಕಲಿತದ್ದು ಇದು. ಈ ಭಾಷಣವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದಾಗ ನಾಲ್ಕು ಕಡೆ ಉಸಿರು ಸಿಕ್ಕಿಕೊಂಡಿತು. ಆ ನಾಲ್ಕೂ ವಾಕ್ಯ ಈಗ ಇಲ್ಲ. ಹಾಗೂ ಯಾರೂ ಸಿಗಲಿಲ್ಲ ಅಂತ ಕಥೆಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂರಬೇಡಿ. ತಪ್ಪಿದ್ದರೆ ಆಕಾಶ ಬೀಳುವುದಿಲ್ಲ. 1891ರಲ್ಲಿ ಬಂದ ಒಂದು ಹೋಮ್ಸ್ ಕಥೆಯಲ್ಲಿ ವಾಟ್ಸನ್‌ನ ಹೆಂಡತಿ ಗಂಡನನ್ನು ಜೇಮ್ಸ್ ಅನ್ನುತ್ತಾಳೆ. ಅವನ ಹೆಸರು ಜಾನ್! ಲೇಖಕರು ನೋಡಲಿಲ್ಲ, ಪತ್ರಿಕೆಯವರೂ ನೋಡಲಿಲ್ಲ. ಒಪ್ಪೋಲೆ, ಅಂದರೆ ತಪ್ಪು-ಸರಿಗಳ ಪಟ್ಟಿ, ಹಾಕುವ ಬದಲು ಅಭಿಮಾನಿಗಳು ಕಾರಣ ಹುಡುಕುತ್ತಾ ಕೂತರು. ವಾಟ್ಸನ್‌ನ ಹೆಸರಿನ ನಡುವೆ ಒಂದು ಎಚ್ ಇದೆ, ಅದು ಹೇಮಿಷ್ ಇರಬೇಕು, ಹೇಮಿಷ್ ಅಂದರೆ ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ತಾನೇ ಅಂತ ಪತ್ತೇದಾರಿ ಲೇಖಕಿ ಡೊರತಿ ಸೇಯರ್ಸ್ ವಾದ ಹೂಡಿದರು. ನಮ್ಮ ಮುದ್ರಣಾಲಯದಲ್ಲಿ ಅಷ್ಟು ಪ್ರೀತಿಯಿಂದ ಯಾರೂ ನನ್ನ ತಪ್ಪನ್ನು ಮುಚ್ಚಿಲ್ಲ.

ಹುಡುಗಿಯ ಕಥೆ ಹೋದ ತಿಂಗಳು ಹೊರಗೆ ಬಂತು. ನಾಲ್ಕನೇ ಅಧ್ಯಾಯದಲ್ಲಿ ವಾಟ್ಸನ್ ಈಗ ಸ್ಟೇಷನ್ನಿನಲ್ಲೇ ಇರುತ್ತಾನೆ. ಹೋಮ್ಸ್ ಬಂದು ಹೇಳುವವರೆಗೆ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಮೊದಲಿಗಿಂತ ಎಷ್ಟೋ ಚೆನ್ನಾಗಿದೆ. ಎರಡೇ ದಿನಕ್ಕೆ ಓದುಗರೊಬ್ಬರು ಅವಳಿಗೆ ಬರೆದರು: ಎರಡನೇ ಅಧ್ಯಾಯದಲ್ಲಿ ಚಳಿಗೆ ವಾಟ್ಸನ್‌ನ ಹಳೇ ಗುಂಡೇಟು ಭುಜದಲ್ಲಿ ನೋಯುತ್ತದೆ, ಆರನೇ ಅಧ್ಯಾಯದಲ್ಲಿ ಅದೇ ಗುಂಡೇಟು ಕಾಲಿಗೆ ಬಂದಿದೆ, ಇದು ಹೇಗೆ?

ಮೂರು ಜನ ಓದಿದ್ದೆವು. ಒಬ್ಬರೂ ನೋಡಿರಲಿಲ್ಲ. ನಾನು ಗಾಬರಿಯಾಗಿ ಫೋನ್ ಮಾಡಿದೆ.

'ಅದು ಡಾಯ್ಲ್ ಮಾಡಿದ್ದು ಚಿಕ್ಕಮ್ಮ' ಅಂದಳು. '1887ರಲ್ಲಿ ಭುಜಕ್ಕೆ ಹೊಡೆಸಿದ್ರು, 1890ರಲ್ಲಿ ಮರೆತು ಕಾಲಿಗೆ ಅಂದ್ರು. ನಾನು ಬೇಕಂತಲೇ ಹಾಗೆ ಬರ್ದಿದ್ದು.'

'ನಿಜವಾಗ್ಲೂ ಬೇಕಂತಲೇನಾ?' ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ಕುಕ್ಕರ್ ಕೂಗ್ತಿದೆ ಚಿಕ್ಕಮ್ಮ, ಇಡ್ತೀನಿ' ಅಂದಳು.

ನಮಸ್ಕಾರ.